ಎಪ್ಪತ್ತನಾಲ್ಕು ದಿನದ ಅರ್ಧಾಯು

ನನ್ನ ನಿವೃತ್ತಿಗೆ ಆಗ ಎರಡು ವರ್ಷ ಉಳಿದಿತ್ತು. ಬೆಳಗಾವಿಯ ಒಂದು ತಪಾಸಣಾ ಕಂಪನಿಯಲ್ಲಿ ರೇಡಿಯೇಶನ್ ಸುರಕ್ಷತಾ ಅಧಿಕಾರಿಯಾಗಿದ್ದೆ. ಬೆಸುಗೆಯೊಳಗೆ ಬಿರುಕಿದೆಯೇ ಎಂದು ಗಾಮಾ ಕಿರಣ ಹಾಯಿಸಿ ಫೋಟೋ ತೆಗೆಯುವುದು ನಮ್ಮ ಕೆಲಸ. ಕಿರಣ ಕೊಡುವುದು ಇರಿಡಿಯಮ್-192. ಅದರ ಪರಮಾಣುಗಳು ತಾವಾಗಿಯೇ ಬದಲಾಗಿ ಬಹುಪಾಲು ಪ್ಲಾಟಿನಮ್ ಆಗುತ್ತವೆ. ಬದಲಾಗುವಾಗ ಹೊಮ್ಮುವ ಕಿರಣವೇ ಅಪಾಯ. ಎಪ್ಪತ್ತನಾಲ್ಕು ದಿನಕ್ಕೆ ಅರ್ಧ ಬದಲಾಗುತ್ತದೆ, ಮತ್ತೆ ಅಷ್ಟೇ ದಿನಕ್ಕೆ ಉಳಿದದ್ದರ ಅರ್ಧ. ಇದಕ್ಕೆ ಅರ್ಧಾಯು ಎನ್ನುತ್ತೇವೆ.

ಒಂದು ದಿನ ಖಾನಾಪುರದಾಚೆ ಗುಂಜಿಯ ಹತ್ತಿರ ಪೈಪುಗಳನ್ನು ನೋಡಿ ಬಂದೆವು. ಇರಿಡಿಯಮ್ ಇರುವ ಗೇಣುದ್ದದ ಉಕ್ಕಿನ ತಂತಿ ಫೋಟೋ ತೆಗೆದ ಮೇಲೆ ಕಿರಣ ತಡೆಯುವ ತನ್ನ ಭಾರವಾದ ಪೆಟ್ಟಿಗೆಗೆ ಮರಳಿತೇ ಎಂದು ಪ್ರತಿ ಸಲ ಕಿರಣ ಅಳೆಯುವ ಮೀಟರ್ ಹಿಡಿದು ನೋಡಬೇಕು. ಮೋಡ ಕವಿದಿತ್ತು, ಅವಸರ ಮಾಡಿದೆವು. ರಿಜಿಸ್ಟರಿನಲ್ಲಿ ‘ನೋಡಿದೆ’ ಎಂದು ನಾನೇ ಸಹಿ ಹಾಕಿದೆ. ನೋಡಿರಲಿಲ್ಲ. ಈ ಪಾಪವನ್ನು ಯಾರ ತಲೆಗೂ ಕಟ್ಟಲಾರೆ.

ಮೂರನೆಯ ದಿನ ಪೆಟ್ಟಿಗೆ ಖಾಲಿ ಎಂದು ಗೊತ್ತಾಯಿತು. ಮೀಟರ್ ಹಿಡಿದು ಗುಂಜಿಯ ಕಾಡಂಚೆಲ್ಲ ಅಲೆದೆವು. ಎಮ್ಮೆ ಕಾಯುವ ಮಲ್ಲಪ್ಪನ ಮನೆ ಬಾಗಿಲಲ್ಲಿ ಮೀಟರ್ ಚೀರಿತು. ವಾಂತಿ ಮಾಡಿ ಮಾಡಿ ಸೋತು ಮಲಗಿದ್ದ. ತಂತಿ ಇನ್ನೂ ಅವನ ಸೊಂಟದ ಎಲೆ-ಅಡಿಕೆ ಚಂಚಿಯಲ್ಲಿತ್ತು. ತೊಡೆ ಕೆಂಪಗೆ ಊದಿತ್ತು.

“ಎಮ್ಮಿ ಗಂಟಿ ಕಟ್ಟಾಕ ಬರ್ತೈತಿ ಅಂತ ಇಟ್ಕೊಂಡಿದ್ನಿರಿ ಸಾಹೇಬ್ರ,” ಎಂದ, ಕಳ್ಳತನ ಒಪ್ಪಿಕೊಂಡವನಂತೆ.

ಉದ್ದನೆಯ ಇಕ್ಕಳದಿಂದ ತಂತಿಯನ್ನು ಸೀಸದ ಡಬ್ಬಿಗೆ ಹಾಕಿ, ಅವನನ್ನು ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದೆವು. ತವರಿಗೆ ಹೋಗಿದ್ದ ಹೆಂಡತಿ ಗಂಗವ್ವ ಅಲ್ಲಿಗೇ ಓಡಿಬಂದಳು. ಅದೇನು ವಸ್ತು ಎಂದು ಕೇಳಿದಳು. ತರಬೇತಿ ಕೊಟ್ಟು ಕೊಟ್ಟು ರೂಢಿಯಾದ ನಾಲಿಗೆ ನನ್ನದು. “ಅರ್ಧಾಯು ಎಪ್ಪತ್ನಾಕ ದಿನ ನೋಡವಾ,” ಎಂದು ಹೇಳಿ ಡಾಕ್ಟರರ ಕೋಣೆಗೆ ನಡೆದೆ.

ಆಸ್ಪತ್ರೆಗೆ ಸೇರಿಸಿದ ಇಪ್ಪತ್ತನೆಯ ದಿನ ಡಾಕ್ಟರು ನನ್ನನ್ನು ಬದಿಗೆ ಕರೆದು, ಮೂಳೆಯ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಿದೆ, ಇನ್ನು ಆಸೆ ಇಲ್ಲ ಎಂದರು. ಹೊರಗೆ ಬಂದರೆ ಗಂಗವ್ವ ನಿಂತಿದ್ದಳು.

“ಖರೇ ಹೇಳ್ರಿ. ಅರ್ಧಾ ಆಯುಷ್ಯ ಎಪ್ಪತ್ನಾಕ ದಿನಾ ಅಂದ್ರ, ಎಲ್ಲಾ ಸೇರಿ ಇವ್ರಿಗೆ ನೂರಾ ನಾಲ್ವತ್ತೆಂಟ ದಿನಾ ಹೌದಲ್ರಿ?”

ನಾನು ಹೇಳಿದ್ದು ಲೋಹದ ಲೆಕ್ಕ. ಅವಳು ಅದನ್ನು ಗಂಡನಿಗೆ ಹಚ್ಚಿ, ಇಪ್ಪತ್ತು ದಿನಗಳಿಂದ ಎಣಿಸುತ್ತ ಬಂದಿದ್ದಳು. ತಿದ್ದಬೇಕಿತ್ತು. ಹೂಂ ಎಂದೂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಹೇಡಿ ನಾನು, ತಲೆ ತಗ್ಗಿಸಿ ನಿಂತೆ.

ಮೂವತ್ತೊಂದನೆಯ ದಿನ ಮಲ್ಲಪ್ಪ ಹೋದ. ಗಂಗವ್ವ ಅಳಲಿಲ್ಲ. ನನ್ನ ಕೈ ಹಿಡಿದು ಕೇಳಿದಳು, “ಇನ್ನ ನೂರಾ ಹದಿನೇಳ ದಿನಾ ಇದ್ವಲ್ರಿ ಸಾಹೇಬ್ರ?”

ನೋಡದೆ ಸಹಿ ಹಾಕಬಾರದೆಂಬುದು ನಿಯಮದ ಪುಸ್ತಕದಲ್ಲೇ ಇತ್ತು. ಹೇಳಿದ ಮಾತು ಕೇಳಿದವರಿಗೆ ಏನೆಂದು ತಿಳಿಯಿತು ಎಂದು ಕೇಳದೆ ಎದ್ದು ಹೋಗಬಾರದೆಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ.