ಒಳಗೊಂದು ಚಿಲಕ

ನಮ್ಮ ಮನೆಯ ಬಚ್ಚಲಿಗೆ ಒಂದು ಬಾಗಿಲು ಆರಿಸಲು ನಮಗೆ ಇಡೀ ಮಳೆಗಾಲ ಹಿಡಿಯಿತು. ಬನಶಂಕರಿಯಿಂದ ಜೆ.ಪಿ. ನಗರದವರೆಗೆ ಬಾಗಿಲಂಗಡಿಗಳಿಗೇನೂ ಬರವಿಲ್ಲ. ಆದರೆ ಆ ಬಾಗಿಲಿಗೆ ಒಳಗಡೆ ಚಿಲಕ ಇರಬೇಕೋ ಬೇಡವೋ ಎಂಬುದೇ ನನಗೂ ನನ್ನ ಗಂಡನಿಗೂ ಬಗೆಹರಿಯಲಿಲ್ಲ.

ನಾವಿರುವುದು ಶ್ರೀನಗರದಲ್ಲಿ, ಮಾವನವರು ಕಟ್ಟಿಸಿದ ಚಿಕ್ಕ ಮನೆಯಲ್ಲಿ. ಮೇಲೆ ಬಾಡಿಗೆಯವರು, ಕೆಳಗೆ ನಾನು, ಗಂಡ, ಅತ್ತೆ. ಒಂದು ಹಾಲ್, ಒಂದು ರೂಮು, ಅಡುಗೆಮನೆ. ಬಚ್ಚಲು ಇರುವುದು ಮಹಡಿ ಮೆಟ್ಟಿಲ ಕೆಳಗೆ. ಅದರ ಸೂರು ಒಂದು ಮಗ್ಗುಲಿಗೆ ಇಳಿದುಕೊಂಡು ಹೋಗುತ್ತದೆ. ಕಮೋಡಿನಿಂದ ಏಳುವಾಗ ತಲೆ ತಗ್ಗಿಸದಿದ್ದರೆ ಪೆಟ್ಟು ಗ್ಯಾರಂಟಿ. ಬಾಗಿಲು ಮಾಮೂಲಿಗಿಂತ ಗಿಡ್ಡ, ಒಳಕ್ಕೆ ತೆರೆಯುವಂಥದ್ದು. ಅದರ ಎದುರಿಗೇ, ಹಾಲಿನ ಕಿಟಕಿಯ ಕೆಳಗೆ, ಅತ್ತೆಯ ಮಂಚ.

ಅತ್ತೆಗೆ ಮರೆವು ಶುರುವಾಗಿದ್ದು ಕನ್ನಡಕದಿಂದ. ಆಮೇಲೆ ಹೆಸರುಗಳು ಹೋದವು, ಆಮೇಲೆ ದಾರಿ. ಒಂದು ದಿನ ಸೊಪ್ಪು ತರುತ್ತೇನೆಂದು ಹೋದವರು ಹನುಮಂತನಗರದಲ್ಲಿ ಯಾರದೋ ಮನೆಯ ಗೇಟಿನ ಮುಂದೆ ಕೂತು, ಇದು ನಮ್ಮನೆ, ಯಾಕೆ ಬಾಗಿಲು ತೆಗೀತಿಲ್ಲ ಎಂದು ಅಳುತ್ತಿದ್ದರು. ಅಂದಿನಿಂದ ನಮ್ಮ ಮುಂಬಾಗಿಲ ಗ್ರಿಲ್ಲಿಗೆ ಹಗಲೂ ಬೀಗ ಬಿತ್ತು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. "ಸ್ವಲ್ಪ ದಿನ ಬಿಟ್ಟಿರು, ಆಮೇಲೆ ಏನಾದ್ರೂ ವ್ಯವಸ್ಥೆ ಮಾಡೋಣ" ಎಂದು ಗಂಡ ಹೇಳಿದರು. ನಾನು ಬಿಟ್ಟೆ. ಬೀಗದ ಕೈಯನ್ನು ತಾಳಿಸರದ ಪಿನ್ನಿಗೆ ಸಿಕ್ಕಿಸಿಕೊಂಡೆ. ಅದು ಅಲ್ಲೇ ಉಳಿಯಿತು.

ಎಲ್ಲಿಟ್ಟರೂ ಅತ್ತೆ ಹುಡುಕಿ ತೆಗೆಯುತ್ತಿದ್ದರು, ಅದಕ್ಕೇ ಕೊರಳಲ್ಲಿ. ನಾನು ಅಡುಗೆಮನೆಗೆ ಹೋದರೆ ಅವರು ಅಡುಗೆಮನೆಗೆ ಬರುತ್ತಿದ್ದರು. ರೂಮಿಗೆ ಹೋದರೆ ರೂಮಿಗೆ. ಫೋನಿನಲ್ಲಿ ಮಾತಾಡಿದರೆ ಪಕ್ಕದಲ್ಲಿ ನಿಂತು ಯಾರು, ಏನಂತೆ ಎಂದು ಕೇಳುತ್ತಿದ್ದರು. ಸ್ನಾನಕ್ಕೆ ಹೋಗಿ ಚಿಲಕ ಹಾಕಿಕೊಂಡರೆ ಮಾತ್ರ ಅಷ್ಟು ಹೊತ್ತು ನಾನೊಬ್ಬಳೇ. ನೀರು ಬಿಟ್ಟುಕೊಂಡು, ಸ್ನಾನ ಮಾಡದೆ, ಸ್ಟೂಲಿನ ಮೇಲೆ ಸುಮ್ಮನೆ ಕೂತದ್ದೂ ಉಂಟು.

ಆ ಚಿಲಕವೂ ಹೋಯಿತು. ಅತ್ತೆ ಒಮ್ಮೆ ಒಳಗಿನಿಂದ ಹಾಕಿಕೊಂಡು, ತೆಗೆಯುವುದು ಹೇಗೆಂದು ತಿಳಿಯದೆ ಗಾಬರಿಯಾಗಿ ಗೋಡೆಗೆ ಕೈ ಬಡಿದುಕೊಂಡರು. ನನ್ನ ಗಂಡ ಹೊರಗಿನಿಂದ ಹೇಳಿಕೊಡುತ್ತ ಹೇಳಿಕೊಡುತ್ತ ಕೊನೆಗೆ ಅದು ಹೇಗೋ ಸರಿಯಿತು. ಅತ್ತೆಯ ಬೆರಳುಗಳು ತರಚಿದ್ದವು. ನನ್ನ ಗಂಡ ಅವತ್ತೇ ಸ್ಕ್ರೂಡ್ರೈವರ್ ತಂದು ಚಿಲಕ ಬಿಚ್ಚಿಹಾಕಿದರು. ಅವರ ಭಯ ನನಗೆ ಅರ್ಥವಾಗುತ್ತಿತ್ತು. ಆದರೆ ಮಾರನೆಯ ದಿನ ನಾನು ಮೈಗೆ ಸೋಪು ಹಚ್ಚಿಕೊಂಡಿರುವಾಗ ಬಾಗಿಲು ತೆರೆದುಕೊಂಡಿತು. ಅತ್ತೆ ತಲೆ ತೂರಿಸಿ ನೋಡುತ್ತ ನಿಂತರು. ಹೋಗಿ ಎಂದರೆ ಹೋಗಲಿಲ್ಲ. ಟವೆಲ್ಲು ಸುತ್ತಿಕೊಂಡು, ಸೋಪಿನ ಮೈಯಲ್ಲೇ ಅವರನ್ನು ಮಂಚಕ್ಕೆ ಕರೆದುಕೊಂಡು ಹೋಗಿ ಕೂರಿಸಿದೆ.

ಗಂಡನಿಗೆ ಹೇಳಿದೆ. "ಅಮ್ಮ ತಾನೆ? ಅವರಿಗೇನು ಗೊತ್ತಾಗತ್ತೆ?" ಎಂದರು.

"ನನಗೆ ಗೊತ್ತಾಗತ್ತಲ್ಲ ರೀ" ಎಂದೆ.

ಆಮೇಲೆ ನೀರು ತುಂಬಿದ ಬಕೆಟ್ಟನ್ನು ಬಾಗಿಲಿಗೆ ಒತ್ತಿಟ್ಟು ಸ್ನಾನ ಮಾಡತೊಡಗಿದೆ.

ಮಳೆ ಹಿಡಿದ ಮೇಲೆ ಬಾಗಿಲೂ ಕೆಟ್ಟಿತು. ಹಳೇ ಪ್ಲೈವುಡ್ ಬಾಗಿಲು, ಕೆಳಗಡೆ ನೀರು ಕುಡಿದು ಪದರ ಪದರವಾಗಿ ಬಿಟ್ಟುಕೊಂಡಿತ್ತು, ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ಇನ್ನು ಬದಲಾಯಿಸದೆ ಗತ್ಯಂತರವಿಲ್ಲ ಎಂದಾಗ, ಒಂದು ಭಾನುವಾರ ಮೇಲಿನ ಮನೆಯ ಹೆಂಗಸನ್ನು ಅತ್ತೆಯ ಬಳಿ ಕೂರಿಸಿ ನಾವಿಬ್ಬರೂ ಗಾಡಿಯಲ್ಲಿ ಬನಶಂಕರಿ ಕಡೆಯ ಒಂದು ಅಂಗಡಿಗೆ ಹೋದೆವು. ಮನೆಯಿಂದ ಅಷ್ಟು ದೂರ ಬಂದು ಎಷ್ಟೋ ಕಾಲವಾಗಿತ್ತು. ಸಿಗ್ನಲ್ಲಿನಲ್ಲಿ ನಿಂತು ಹೂವಿನ ಗಾಡಿ, ಬಸ್ಸಿನ ನೂಕುನುಗ್ಗಲು ನೋಡುತ್ತ ನಾನು ಬಾಗಿಲಿನ ವಿಷಯವನ್ನೇ ಮರೆತಿದ್ದೆ.

ಅಂಗಡಿಯವರು ಅಳತೆ ಕೇಳಿ, ಚೀಟಿ ನೋಡಿ, ತಲೆ ಕೆರೆದುಕೊಂಡರು. "ಇಷ್ಟು ಗಿಡ್ಡ ಬಾಗಿಲು ರೆಡಿ ಬರಲ್ಲ ಸಾರ್. ಕಟ್ ಮಾಡಿಸ್ಬೇಕು. ಕಟ್ ಮಾಡಿದ್ಮೇಲೆ ವಾಪಸ್ ತಗೊಳಲ್ಲ, ನೋಡ್ಕೊಳಿ." ಒಂದೊಂದಾಗಿ ತೋರಿಸಿದರು. ಹಗುರವಾದ ಪಿವಿಸಿ ಬಾಗಿಲು, ಒಳಗೆಲ್ಲ ಟೊಳ್ಳು. ಮರದ ಹಾಗೇ ಕಾಣುವ, ನೀರಿಗೆ ಉಬ್ಬದ, ಒಳಗೆ ಗಟ್ಟಿಯಿರುವ ಇನ್ನೊಂದು. ಪಕ್ಕಕ್ಕೆ ಸರಿಯುವ ಬಾಗಿಲು ನನಗೆ ಇಷ್ಟವಾಯಿತು, ಆದರೆ ಸರಿದು ನಿಲ್ಲಲು ನಮ್ಮಲ್ಲಿ ಗೋಡೆ ಎಲ್ಲಿದೆ? ಹೊರಕ್ಕೆ ತೆರೆಯುವ ಬಾಗಿಲಾದರೆ ಅತ್ತೆಯ ಮಂಚಕ್ಕೆ ಬಡಿಯುತ್ತದೆ. ಕೊನೆಗೆ ಅವರು ಮೂಲೆಯಿಂದ ಒಂದು ಮಡಚುವ ಬಾಗಿಲು ತಂದರು. ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾಗಿ ಸರಿದು, ಅಂಚಿನಲ್ಲಿ ಆಯಸ್ಕಾಂತಕ್ಕೆ ಟಪ್ ಎಂದು ಅಂಟಿಕೊಳ್ಳುತ್ತಿತ್ತು.

ಗಂಡನ ಮುಖ ಅರಳಿತು. "ಇದೇ ಸರಿ. ಚಿಲಕದ ತಾಪತ್ರಯಾನೇ ಇಲ್ಲ. ಯಾರೂ ಸಿಕ್ಕಾಕ್ಕೊಳಲ್ಲ."

ನಾನು ಅದನ್ನು ಎಳೆದು ಮುಚ್ಚಿ ನೋಡಿದೆ. ಮಡಿಕೆಗಳ ಸಂದಿಯಲ್ಲಿ ಅಂಗಡಿಯ ಟ್ಯೂಬ್‌ಲೈಟು ಕಾಣಿಸುತ್ತಿತ್ತು. ಆಚೆ ನಿಂತ ಗಂಡನ ಶರ್ಟಿನ ಬಣ್ಣವೂ ಕಾಣಿಸುತ್ತಿತ್ತು. "ಇದು ಬಾಗಿಲಲ್ಲ, ಪರದೆ" ಎಂದೆ. "ನನಗೆ ಬೇಡ."

"ಮೇಡಂ, ಚಿಕ್ಕ ಬಾತ್‌ರೂಮಿಗೆ ಎಲ್ರೂ ಇದನ್ನೇ ತಗೊಂಡು ಹೋಗ್ತಾರೆ."

"ತಗೊಂಡು ಹೋಗ್ಲಿ. ನನಗೆ ಒಳಗೆ ಚಿಲಕ ಬೇಕು."

ಅಂಗಡಿಯವರು ನನ್ನ ಗಂಡನ ಮುಖ ನೋಡಿದರು. ಗಂಡ ನೆಲ ನೋಡಿದರು. ಏನೂ ಕೊಳ್ಳದೆ ಹಿಂತಿರುಗಿದೆವು. ಮನೆಯ ಮುಂದೆ ಗಾಡಿ ನಿಲ್ಲಿಸಿ ಅವರು, "ಅಮ್ಮಂಗೇನಾದ್ರೂ ಹೆಚ್ಚುಕಮ್ಮಿ ಆದ್ರೆ ನೀನೇ ಜವಾಬ್ದಾರಿ" ಎಂದರು. ನಾನು ಕೊರಳಿನ ಕೀಲಿ ತೆಗೆದು ಗ್ರಿಲ್ಲಿನ ಬೀಗ ತೆರೆದು ಒಳಗೆ ಹೋದೆ.

ಮಳೆಗಾಲದ ಕೊನೆಯ ಹೊತ್ತಿಗೆ, ಒಂದು ಮಧ್ಯಾಹ್ನ, ಸಣ್ಣ ಉರಿಯಲ್ಲಿ ಬೇಳೆಗೆ ಕುಕ್ಕರ್ ಇಟ್ಟು, ಫೋನನ್ನು ಹಾಲಿನಲ್ಲಿ ಚಾರ್ಜಿಗೆ ಹಾಕಿ ಬಚ್ಚಲಿಗೆ ಹೋದೆ. ಅತ್ತೆ ಮಲಗಿದ್ದರು. ಅವರು ಎದ್ದು ಬಂದಾರೆಂದು ಬಾಗಿಲನ್ನು ಹೆಗಲಿನಿಂದ ಒತ್ತಿ ಮುಚ್ಚಿದೆ. ಕೈಕಾಲು ತೊಳೆದು ಹೊರಡುವಾಗ ಹಿಡಿ ಹಿಡಿದು ಎಳೆದೆ. ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ. ಹಿಡಿ ಕಿತ್ತು ಕೈಗೆ ಬಂತು. ಬಾಗಿಲು ಮಿಸುಕಲಿಲ್ಲ.

ಮೊದಲು ನಗು ಬಂತು. ಚಿಲಕವಿಲ್ಲದ ಬಾಗಿಲಿನಲ್ಲಿ ಸಿಕ್ಕಿಹಾಕಿಕೊಂಡೆನಲ್ಲ! ಉಗುರುಗಳನ್ನು ಸಂದಿಗೆ ತೂರಿಸಿ ಎಳೆದೆ, ಮಗ್ಗಿನ ಹಿಡಿಯಿಂದ ಮೀಟಿದೆ. ವೆಂಟಿಲೇಟರಿನ ಕಡೆ ತಿರುಗಿ ಕೂಗಿದೆ. ಅದರಾಚೆ ಒಂದು ಕೈ ಜಾಗ, ಆಮೇಲೆ ಪಕ್ಕದವರ ಗೋಡೆ. ಅಲ್ಲಿ ಮನೆ ಕಟ್ಟುತ್ತಿದ್ದರು. ಟೈಲ್ಸ್ ಕತ್ತರಿಸುವ ಮೆಷಿನ್ನಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಮೇಲಿನವರು ಗಂಡಹೆಂಡಿರು ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಯಾರಾದರೂ ಕೇಳಿಸಿಕೊಂಡು ಬಂದರೂ ಮುಂದಿನ ಗ್ರಿಲ್ಲಿಗೆ ಬೀಗ. ಅದರ ಕೈ ನನ್ನ ಕೊರಳಲ್ಲಿ. ಅದು ನೆನಪಾದಾಗ ನಗು ನಿಂತಿತು.

ಕುಕ್ಕರ್ ಕೂಗಿತು.

"ಅತ್ತೆ! ಅತ್ತೇ!" ಎಂದು ಬಾಗಿಲು ಬಡಿದೆ. ಸ್ವಲ್ಪ ಹೊತ್ತಿಗೆ ಕಾಲೆಳೆಯುವ ಸದ್ದಾಯಿತು.

"ಯಾರಮ್ಮಾ ಒಳಗೆ?"

"ನಾನು ಅತ್ತೆ. ನಿಮ್ಮ ಸೊಸೆ. ಬಾಗಿಲು ಸಿಕ್ಕಾಕ್ಕೊಂಡಿದೆ. ಸ್ವಲ್ಪ ತಳ್ಳಿ."

"ನನ್ನ ಸೊಸೆ ಸ್ಕೂಲಿಗೆ ಹೋಗಿದಾಳೆ" ಎಂದರು ಅತ್ತೆ. "ಸಂಜೆ ಬರ್ತಾಳೆ."

ಅವರ ಪ್ರಪಂಚದಲ್ಲಿ ನಾನು ಇನ್ನೂ ಬೆಳಿಗ್ಗೆ ಸೀರೆಯುಟ್ಟು, ಬ್ಯಾಗು ಹಾಕಿಕೊಂಡು ಹೋಗುತ್ತಿದ್ದೆ. ಅಲ್ಲಿ ನಾನು ಯಾವತ್ತೂ ಕೆಲಸ ಬಿಟ್ಟೇ ಇರಲಿಲ್ಲ.

ಕುಕ್ಕರ್ ಮತ್ತೆ ಕೂಗಿತು. ನೀರು ಕಡಿಮೆ ಹಾಕಿದ್ದೆ. ಅತ್ತೆಯನ್ನು ಒಲೆಯ ಹತ್ತಿರ ಬಿಡದೆ ಎಷ್ಟೋ ತಿಂಗಳಾಗಿತ್ತು. ಒಮ್ಮೆ ಗ್ಯಾಸು ತಿರುವಿ ಹಚ್ಚದೆ ಬಂದಿದ್ದರು. ಈಗ ಅವರನ್ನೇ ಕಳಿಸಬೇಕು. ಕಳಿಸದಿದ್ದರೂ ಕಷ್ಟ, ಕಳಿಸಿದರೂ ಕಷ್ಟ.

"ಅತ್ತೆ, ಅಡುಗೆಮನೆಗೆ ಹೋಗಿ ಒಲೆ ಆರಿಸಿ ಬರ್ತೀರಾ? ಉರೀತಾ ಇದೆಯಲ್ಲ, ಅದನ್ನ. ಸೊಸೆ ಬಂದ್ರೆ ಬೈತಾಳೆ ನೋಡಿ."

"ಅವಳು ಬೈಯಲ್ಲ" ಎಂದರು. ಸ್ವಲ್ಪ ತಡೆದು, "ಅವಳು ಮಾತೇ ಆಡಲ್ಲ" ಎಂದರು.

ಆಮೇಲೆ ಕಾಲೆಳೆಯುವ ಸದ್ದು ದೂರವಾಯಿತು. ನಾನು ಬಾಗಿಲಿಗೆ ಕಿವಿಯೊತ್ತಿ ನಿಂತೆ. ಏನೋ ಪಾತ್ರೆ ಬಿತ್ತು. ಮೆಷಿನ್ನಿನ ಸದ್ದು ನಿಂತು ಮತ್ತೆ ಶುರುವಾಯಿತು. ಸೀರೆಯ ಸೆರಗು ನೆನಪಾಯಿತು, ಅವರು ಈಗಲೂ ಸೀರೆಯನ್ನೇ ಉಡುವುದು. "ಬೇಡ ಅತ್ತೆ, ವಾಪಸ್ ಬನ್ನಿ!" ಎಂದು ಕೂಗಿದೆ. ಕೆಳಗೆ ಕೂತು ಬಾಗಿಲ ಬುಡದ ಸಂದಿಗೆ ಮೂಗಿಟ್ಟು ಗ್ಯಾಸಿನ ವಾಸನೆ ಬರುತ್ತಿದೆಯೇ ಎಂದು ಮೂಸಿದೆ. ಕೊಳೆತ ಪ್ಲೈವುಡ್ಡಿನ ವಾಸನೆ ಬಂತು, ಬೇಳೆ ತಳ ಹಿಡಿದ ವಾಸನೆ ಬಂತು. ಗ್ಯಾಸೋ ಅಲ್ಲವೋ ಗೊತ್ತಾಗಲಿಲ್ಲ. ಕುಕ್ಕರ್ ಮತ್ತೆ ಕೂಗಲಿಲ್ಲ. ಅದು ಆರಿಸಿದ್ದಕ್ಕೋ, ನೀರು ಇಂಗಿದ್ದಕ್ಕೋ?

ಅತ್ತೆ ತಿರುಗಿ ಬಂದರು. "ಹಾಲು ಇಳಿಸಿದೆ" ಎಂದರು. ಹಾಲು ಇಟ್ಟೇ ಇರಲಿಲ್ಲ.

"ಬೆಂಕಿ ಕಾಣಿಸ್ತಿದೆಯಾ ಅತ್ತೆ?"

"ಇಲ್ಲ."

"ಕೆಟ್ಟ ವಾಸನೆ ಏನಾದ್ರೂ ಬರ್ತಿದೆಯಾ?"

"ಸೀದ ವಾಸನೆ" ಎಂದರು, ಬೇಸರದಿಂದ, ಯಾರೋ ಕೆಲಸ ಬಾರದವಳು ಅಡುಗೆ ಮಾಡಿದ್ದಾಳೆ ಎನ್ನುವಂತೆ. ಆ ದನಿ ಕೇಳಿ ನನಗೆ ಸ್ವಲ್ಪ ಧೈರ್ಯ ಬಂತು.

ಅವರು ಬಾಗಿಲ ಪಕ್ಕದಲ್ಲೇ ಕೂತರು. ಬಳೆಗಳು ಗೋಡೆಗೆ ತಾಗಿದ ಸದ್ದಿನಿಂದ ತಿಳಿಯಿತು. "ಹೆದರ್ಕೋಬೇಡಮ್ಮ" ಎಂದರು. "ನಾನೂ ಒಂದ್ಸಲ ಹಿಂಗೇ ಒಳಗೆ ಇದ್ದೆ. ಯಾರೂ ಬರ್ಲಿಲ್ಲ." ಚಿಲಕ ಹಾಕಿಕೊಂಡ ದಿನದ ನೆನಪೋ, ಇನ್ಯಾವ ಕಾಲದ್ದೋ ನಾನು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲ ಬುಡದಲ್ಲಿ, ಪ್ಲೈವುಡ್ ಉದುರಿದ ಜಾಗದಲ್ಲಿ, ಒಂದು ಮಾರಿ ಬಿಸ್ಕತ್ತು ಕಾಣಿಸಿತು. ಹಿಂದೆಯೇ ಬೆರಳು ಕಾಣಿಸಿತು. ನೆಲ ಒದ್ದೆಯಿತ್ತು, ಬಿಸ್ಕತ್ತು ಅರ್ಧ ನೆನೆದಿತ್ತು. ನಾನು ಅದನ್ನು ತಿಂದೆ.

ಸಂಜೆ ಗಂಡ ತಮ್ಮ ಬಳಿಯಿದ್ದ ಕೀಲಿಯಿಂದ ಗ್ರಿಲ್ ತೆರೆದು ಬರುವವರೆಗೆ ಅತ್ತೆ ಅಲ್ಲಿಂದ ಏಳಲಿಲ್ಲ. ನಾಲ್ಕಾರು ಸಲ ಯಾರು ಒಳಗೆ ಎಂದು ಕೇಳಿದರು, ನಾಲ್ಕಾರು ಸಲ ಹೇಳಿದೆ. ಗಂಡ ಮೊದಲು ಅಡುಗೆಮನೆಗೆ ಓಡಿದರು. ಒಲೆ ಆರಿತ್ತು. ಕುಕ್ಕರನ್ನು ಅತ್ತೆ ನೆಲದ ಮೇಲೆ ಇಳಿಸಿಟ್ಟಿದ್ದರು, ಅದೇ ಸೆರಗಿನಿಂದ ಹಿಡಿದಿರಬೇಕು. ಗಂಡ ಹೆಗಲು ಕೊಟ್ಟು ತಳ್ಳಿದರು, ಮೇಲುಗಡೆ ಅಲುಗಿತು, ಕೆಳಗಡೆ ಬಿಡಲಿಲ್ಲ. "ಹಿಂದಕ್ಕೆ ಹೋಗು" ಎಂದು ಕೂಗಿ ಒದ್ದರು. ಕೊಳೆತಿದ್ದ ಕೆಳಭಾಗ ಮುರಿದು ಒಳಗೆ ಬಿತ್ತು. ನಾನು ಅದರೊಳಗಿಂದ ಅಂಬೆಗಾಲಿಟ್ಟು ಹಾಲಿಗೆ ಬಂದೆ.

ಅತ್ತೆ ನನ್ನನ್ನು ನೋಡಿ, "ಬಂದ್ಯಾ? ಇವತ್ತು ಹೊತ್ತಾಯ್ತು" ಎಂದರು.

"ಹೂಂ ಅತ್ತೆ, ಹೊತ್ತಾಯ್ತು" ಎಂದೆ. ಅಷ್ಟು ಹೊತ್ತು ಬಾರದಿದ್ದ ಅಳು ಆಗ ಬಂತು.

ಗಂಡ ನನಗೆ ಕಾಫಿ ಮಾಡಿಕೊಟ್ಟರು. ಅತ್ತೆ ಹೇಳಿದ ಮಾತನ್ನು ನಾನು ಅವರಿಗೆ ಹೇಳಿದೆ, ಸ್ಕೂಲಿಗೆ ಹೋಗಿದ್ದಾಳೆ ಎಂದದ್ದು. ಅವರು ತಮ್ಮ ಲೋಟ ಕೆಳಗಿಟ್ಟರು. "ಆಮೇಲೆ ವ್ಯವಸ್ಥೆ ಮಾಡೋಣ ಅಂದಿದ್ದೆ, ಅಲ್ವಾ?" ಎಂದರು. ಹೂಂ ಎಂದೆ. ಮುರಿದ ಬಾಗಿಲಿಗೆ ಹಳೇ ಬೆಡ್‌ಶೀಟು ಕಟ್ಟಿದೆವು.

ಆ ವಾರವೇ ಮತ್ತೆ ಅಂಗಡಿಗೆ ಹೋದೆವು. ಈ ಸಲ ನಾನು ಒಳಗೆ ಗಟ್ಟಿಯಿರುವ ಬಾಗಿಲನ್ನೇ ಕೇಳಿದೆ, ಟೊಳ್ಳು ಬಾಗಿಲಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಹೊರಕ್ಕೆ ತೆರೆಯಬೇಕು, ಸಿಕ್ಕಿಕೊಂಡರೂ ಒಳಗಿನಿಂದ ತಳ್ಳಬಹುದು ಎಂದೆ. ಚಿಲಕ ಒಳಗೆ, ಬಾಗಿಲಿನ ತುತ್ತತುದಿಗೆ, ನಾನು ಕೈ ಎತ್ತಿದರೆ ಸಿಗುವಷ್ಟು ಮೇಲೆ. ಬೆನ್ನು ಬಾಗಿದ ಅತ್ತೆಗೆ ಅದು ಎಟುಕುವುದಿಲ್ಲ. "ಅಷ್ಟು ಮೇಲೆ ಯಾರೂ ಹಾಕ್ಸಲ್ಲ ಮೇಡಂ, ನೋಡಕ್ಕೆ ಚೆನ್ನಾಗಿರಲ್ಲ" ಎಂದರು ಅಂಗಡಿಯವರು. ಈ ಸಲ ನನ್ನ ಗಂಡ, "ಅವರು ಹೇಳಿದ ಹಾಗೆ ಹಾಕಿ" ಎಂದರು.

ಆದರೆ ಬಾಗಿಲು ಹೊರಕ್ಕೆ ತೆರೆಯಬೇಕಾದರೆ ಮಂಚ ಅಲ್ಲಿರುವಂತಿಲ್ಲ. ಅದನ್ನು ರೂಮಿಗೆ ಸಾಗಿಸಿ ನಾವು ಹಾಲಿಗೆ ಬಂದೆವು. ಅತ್ತೆಗೆ ಅದನ್ನು ಸಹಿಸಲಾಗಲಿಲ್ಲ. ಎದ್ದಾಗಲೆಲ್ಲ ಎಡಗಡೆ ಕೈ ಚಾಚಿ ಕಿಟಕಿ ಹುಡುಕುತ್ತಿದ್ದರು, ಸಿಗದೆ ಗೋಡೆ ಸವರುತ್ತಿದ್ದರು. ನಮ್ಮನೆಗೆ ಕರ್ಕೊಂಡು ಹೋಗು ಎಂದು ಮಗನ ಕೈ ಹಿಡಿದು ಕೇಳುತ್ತಿದ್ದರು. ನನಗೆ ಸಿಕ್ಕಿದ್ದು ಒಂದು ಚಿಲಕ, ಅದಕ್ಕಾಗಿ ಅವರ ಕಿಟಕಿ ಹೋಯಿತು. ಈಗ ರೂಮು ಅಭ್ಯಾಸವಾಗಿದೆ, ಅಥವಾ ಕಿಟಕಿಯೂ ಮರೆತುಹೋಗಿದೆ.

ಶನಿವಾರ ಬೆಳಗ್ಗೆ ಗಂಡ ಮನೆಯಲ್ಲಿರುತ್ತಾರೆ, ನಾನು ಹೊರಗೆ ಹೋಗುತ್ತೇನೆ. ಆ ವ್ಯವಸ್ಥೆಯಾಯಿತು. ಸ್ಕೂಲು ಆಗಲಿಲ್ಲ, ವಾರಕ್ಕೊಂದು ದಿನ ಗಣಿತ ಹೇಳಿಕೊಡಲು ಯಾರು ಕರೆಯುತ್ತಾರೆ? ಮೊದಲ ಶನಿವಾರ ಬಸ್ಸು ಹತ್ತಿ ಜಯನಗರಕ್ಕೆ ಹೋದೆ. ಶಾಪಿಂಗ್ ಕಾಂಪ್ಲೆಕ್ಸಿನ ಸುತ್ತ ತಿರುಗಿದೆ, ಬೇಡದ ಬಳೆಗಳ ದರ ಕೇಳಿದೆ, ಒಂದು ದೋಸೆ ತಿಂದೆ. ತಿನ್ನುವಾಗಲೇ ಅತ್ತೆ ಎದ್ದಿರಬಹುದು, ಅವರ ಮಾತ್ರೆ ಎಲ್ಲಿದೆಯೋ ಗಂಡನಿಗೆ ಗೊತ್ತಿಲ್ಲ ಎನಿಸಿ ಅರ್ಧಕ್ಕೆ ಕೈ ತೊಳೆದು ಬಸ್‌ಸ್ಟಾಪಿಗೆ ನಡೆದೆ. ಮನೆಯಲ್ಲಿ ತಾಯಿ ಮಗ ಇಬ್ಬರೂ ನೆಲದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದರು. "ಇಷ್ಟು ಬೇಗ ಬಂದ್ಬಿಟ್ಟೆ?" ಎಂದು ಗಂಡ ಕೇಳಿದರು.

ಈಗಲೂ ಹೋಗುತ್ತೇನೆ. ಇತ್ತೀಚೆಗೆ ದೋಸೆ ಪೂರ್ತಿ ತಿನ್ನುತ್ತೇನೆ.