ಭಾವ ಹಾಕಿದ ತಪ್ಪುಕಾಣಿಕೆ

ಭಾವ, ಆವತ್ತು ನಿಮ್ಮ ಅಂಗಡಿಗೆ ನಮ್ಮ ಕಂಪನಿಯ ಬೋರ್ಡು ಹಾಕಿಸಿದ್ದು ನಾನು ಸುಳ್ಳು ಹೇಳಿ. ತಿಳಿಯದೆ ಅಲ್ಲ — ಗೊತ್ತಿದ್ದೂ ಗೊತ್ತಿದ್ದೂ ಹೇಳಿದ ಸುಳ್ಳು.

ಎಸ್‌ಟಿಡಿ ಬೂತಿಗೆ ಜನ ಬರುವುದು ನಿಂತು, ಕೃಷ್ಣಮೂರ್ತಿಪುರಂನ ಆ ಅಂಗಡಿಯಲ್ಲಿ ಮೊಬೈಲ್ ಮಾರೋಣವೆಂದು ನೀವು ಹೊರಟ ಕಾಲ. ಎರಡು ಕಡೆಯವರು ನಿಮ್ಮ ಹಿಂದೆ ಬಿದ್ದಿದ್ದರು. ಒಂದು ಜಿಎಸ್‌ಎಂನವರು — ಸಿಮ್ ತೆಗೆದು ಯಾವ ಸೆಟ್ಟಿಗಾದರೂ ಹಾಕಿಕೊಳ್ಳಬಹುದು. ಇನ್ನೊಂದು ನಾನು ಕೆಲಸಕ್ಕಿದ್ದ ಸಿಡಿಎಂಎ ಕಂಪನಿ — ನಂಬರು ಸೆಟ್ಟಿನೊಳಗೇ ಕೂತಿರುತ್ತದೆ, ಸೆಟ್ಟು ಕೆಟ್ಟರೆ ನಮ್ಮ ಹತ್ತಿರವೇ ಬರಬೇಕು. ನಮ್ಮದು ಅಗ್ಗ, ಮಾತೂ ಸ್ಪಷ್ಟ, ಅದು ಸುಳ್ಳಲ್ಲ. ಆದರೆ ಹೊಸ ಹೊಸ ಸೆಟ್ಟುಗಳೆಲ್ಲ ಸಿಮ್ಮಿನವರಿಗೇ ಬರುತ್ತವೆ, ನಮ್ಮದು ಹೆಚ್ಚು ದಿನ ನಡೆಯುವುದಿಲ್ಲ ಎಂದು ನಮ್ಮ ಮ್ಯಾನೇಜರೇ ಬಾಗಿಲು ಹಾಕಿಕೊಂಡು ಹೇಳಿದ್ದರು. ನಿಮ್ಮ ಅಂಗಡಿ ಸಿಕ್ಕರೆ ನನ್ನ ಕೆಲಸ ಕಾಯಂ ಆಗುವುದಿತ್ತು. ಹಾಗಾಗಿ —

ನೀವೋ, ದೇವರನ್ನು ಕೇಳದೆ ಹಲ್ಲುಪುಡಿಯನ್ನೂ ಬದಲಾಯಿಸದ ಮನುಷ್ಯ. ಅಕ್ಕ ಮಾದಪ್ಪನ ಪಟದ ಎಡಬಲಕ್ಕೆ ಹೂವಿಟ್ಟಳು. ನಮ್ಮ ಕಂಪನಿ ಆಗಬಹುದಾದರೆ ಬಲಗಡೆಯದು ಕೊಡಪ್ಪ ಎಂದು ನೀವು ಕಣ್ಣು ಮುಚ್ಚಿದಿರಿ. ಹೂವು ಬಿದ್ದದ್ದು ಸ್ವಾಮಿಯ ಎಡಕ್ಕೆ. "ಬ್ಯಾಡ ಅಂದ್ಬುಟ್ಟ ಕಣೋ" ಎಂದಿರಿ, ಮುಖ ಸಣ್ಣದು ಮಾಡಿಕೊಂಡು. ಆಗ ನಾನು —

"ಸ್ವಾಮಿಯ ಎಡ ಅಂದ್ರೆ ನಮಗೆ ಬಲ ಅಲ್ವಾ ಭಾವ? ವ್ಯಾಪಾರ ಮಾಡೋರು ನಾವು ತಾನೇ? ಕೊನೇತನಕ ನಿಲ್ಲೋದು ನಮ್ಮ ನೆಟ್‌ವರ್ಕೇ. ನನ್ನ ನಂಬಿ."

ನೀವು ನಕ್ಕುಬಿಟ್ಟಿರಿ. ಹೆಂಡತಿಯ ತಮ್ಮನ ಮಾತು ತೆಗೆದುಹಾಕಲಾರದೆ — ಅಲ್ಲ, ನನ್ನ ಮೇಲಿನ ಪ್ರೀತಿಗೆ — ಒಪ್ಪಿಕೊಂಡಿರಿ.

ಕೆಲವೇ ವರ್ಷಕ್ಕೆ ಗಿರಾಕಿಗಳು ಒಬ್ಬೊಬ್ಬರೇ ಸಿಮ್ಮಿನ ಕಡೆ ಹೋದರು. ಮಾರದ ಸೆಟ್ಟುಗಳು ಅಟ್ಟ ಸೇರಿದವು. ನೀವು ಅಂಗಡಿ ಬಿಟ್ಟು ದಟ್ಟಗಳ್ಳಿಯಲ್ಲಿ ಯಾರದೋ ಹಾರ್ಡ್‌ವೇರ್ ಅಂಗಡಿಗೆ ಕೆಲಸಕ್ಕೆ ಸೇರಿದಿರಿ. ನನ್ನನ್ನು ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮನೆಗೆ ಬಂದರೆ ಇವತ್ತಿಗೂ ನೀವೇ ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿ, ಸೊರಗಿ ಹೋಗಿದ್ದೀಯ ಅನ್ನುತ್ತೀರಿ — ನನ್ನ ಹೊಟ್ಟೆ ನೋಡಿಯೂ.

ಮೊನ್ನೆ ಅಕ್ಕ ಮಾತಿಗೆ ಮಾತು ಬಂದು ಹೇಳಿದಳು. ಸ್ವಾಮಿ ಕೊಟ್ಟ ಹೂವನ್ನು ಮೀರಿ ನಡೆದೆ, ಅದಕ್ಕೇ ಹೀಗಾಯಿತು ಎಂದುಕೊಂಡು ನೀವು ವರ್ಷಾ ವರ್ಷಾ ಮಾದಪ್ಪನ ಬೆಟ್ಟದಲ್ಲಿ ತಪ್ಪುಕಾಣಿಕೆ ಹಾಕುತ್ತಿದ್ದೀರಂತೆ. ಎಷ್ಟು ಸಲ ನಾನೂ ಜೊತೆಯಲ್ಲಿ ಬಂದಿದ್ದೇನೆ, ಭಾವ. ನಿಮ್ಮ ಪಕ್ಕದಲ್ಲೇ ನಿಂತು ಕೈ ಮುಗಿದಿದ್ದೇನೆ — ನೀವು ಏನು ಹಾಕಿದಿರಿ, ಯಾತಕ್ಕೆ ಹಾಕಿದಿರಿ ಎಂದು ಒಂದು ದಿನವೂ ಕೇಳಲಿಲ್ಲ.

ಸ್ವಾಮಿ ಸರಿಯಾಗಿಯೇ ಹೇಳಿದ್ದ. ನೀವೂ ಸರಿಯಾಗಿಯೇ ತಿಳಿದುಕೊಂಡಿದ್ದಿರಿ. ಈ ಸಲ ಬೆಟ್ಟದಲ್ಲಿ ನೀವು ಬರೀ ಕೈ ಮುಗಿಯಿರಿ. ಕಾಣಿಕೆ ನಾನು ಹಾಕುತ್ತೇನೆ.