ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ

ಅವರ ಬಲಗಾಲಿನ ಹೆಬ್ಬೆರಳ ಕೆಳಗೆ ಹೊಳೆಯ ಮರುವಾಯಿ ಚಿಪ್ಪಿನಷ್ಟು ಗಟ್ಟಿಯಾದ ದಡ್ಡು ಇತ್ತು. ಇಗರ್ಜಿಯ ಹಳೆಯ ಆರ್ಗನ್ನಿಗೆ ಗಾಳಿ ತುಂಬಲು ವರ್ಷಗಟ್ಟಲೆ ಬರಿಗಾಲಿನಲ್ಲಿ ತುಳಿದದ್ದರ ಗುರುತು ಅದು. ನುಡಿಸುವ ಮೊದಲು ಚಪ್ಪಲಿ ಕಳಚಿ, ಎರಡನ್ನೂ ಜೋಡಿಸಿ ಬೆಂಚಿನ ಕೆಳಗೆ ಇಡುತ್ತಿದ್ದರು. ಊರಿಗೆಲ್ಲ ಅವರು ಮಾಸ್ಟ್ರು.

ಕಾರ್ಕಳದ ಕಡೆಯ ಆ ಇಗರ್ಜಿಯಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ ಅರ್ಧ ಗಂಟೆ ಅವರ ಸಂಗೀತ. ಟಿಕೆಟ್ ಇಲ್ಲ, ಯಾರಿಗೂ ತಡೆಯಿಲ್ಲ. ಹಿರಿಯಡ್ಕದಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದ ನಾನು, ಭಜನೆಯ ಹೊರತು ಬೇರೆ ಸಂಗೀತ ಕೇಳದ ಮನೆಯವಳು, ಮೊದಲ ಸಲ ಬುತ್ತಿ ಹಿಡಿದು ಬಾಗಿಲಲ್ಲೇ ನಿಂತೆ. ನಾವೂ ಒಳಗೆ ಬರಬಹುದೇ ಎಂದು ಕೇಳಿದಾಗ ಅವರು ತಿರುಗಿಯೂ ನೋಡಲಿಲ್ಲ.

“ಕಿವಿ ಉಂಟಲ್ವಾ? ಬಾ. ಬುತ್ತಿ ಮಾತ್ರ ಜಗಲಿಯಲ್ಲಿ.”

ಆರ್ಗನ್ನಿನ ಒಂದು ಕೀ ಎಷ್ಟು ಒತ್ತಿದರೂ ಸ್ವರ ಹೊರಡಿಸುತ್ತಿರಲಿಲ್ಲ. ಅದನ್ನು ಅವರು ‘ಬಿದ್ದ ಹಲ್ಲು’ ಎನ್ನುತ್ತಿದ್ದರು. ಆ ಜಾಗ ಬಂದಾಗಲೆಲ್ಲ ಒಡಕು ಗಂಟಲಿನಲ್ಲಿ ಆ ಸ್ವರವನ್ನು ತಾವೇ ಹಾಡಿಬಿಡುತ್ತಿದ್ದರು. ಒಮ್ಮೆ ನೆಗಡಿಯಾಗಿ ಗಂಟಲು ಕಟ್ಟಿತ್ತು. ಖಾಲಿ ಬುಟ್ಟಿ ಹೊರಗಿಟ್ಟು ಬಂದು ಕೂರುತ್ತಿದ್ದ ಮೀನು ಮಾರುವ ಅಕ್ಕ, ಇವತ್ತು ಪೆಟ್ಟಿಗೆಗೂ ಹಲ್ಲಿಲ್ಲ, ಮಾಸ್ಟ್ರಿಗೂ ಇಲ್ಲ ಎಂದು ನಕ್ಕು, ಆ ಸ್ವರವನ್ನು ತಾವೇ ಎತ್ತಿದರು. ಮುಂದಿನ ವಾರ, ಊಟದ ಬಿಡುವಿನಲ್ಲಿ ಬಂದು ಕೂರುತ್ತಿದ್ದ ಬಸ್ ಕಂಡಕ್ಟರರೊಬ್ಬರೂ ನಾನೂ ಸೇರಿದೆವು. ಆಮೇಲೆ ಅದು ಹಿಂದಿನ ಬೆಂಚುಗಳ ಸ್ವರವಾಯಿತು.

ಒಂದು ಮಳೆಗಾಲದ ಆರಂಭಕ್ಕೆ ಬಾಗಿಲಲ್ಲಿ ಚೀಟಿ ಬಿತ್ತು: ‘ವಾದ್ಯದ ದುರಸ್ತಿಯ ಕಾರಣ ಶುಕ್ರವಾರದ ಸಂಗೀತವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ.’ ಸಹಿ ಇಲ್ಲ. ಆರ್ಗನ್ನನ್ನು ಕ್ರಿಸ್ಮಸ್ ಗೋದಲಿಯ ಸಾಮಾನು ತುಂಬಿಡುವ ಕೋಣೆಗೆ ಸಾಗಿಸಿದರು. ದುರಸ್ತಿಗೆ ಒಬ್ಬನೂ ಬರಲಿಲ್ಲ. ಆದಿತ್ಯವಾರದ ಪೂಜೆಗೆ ಹೊಸ ಕೀಬೋರ್ಡ್ ಬಂತು, ಅದಕ್ಕೆ ಹೊಸಬರೂ ಬಂದರು.

ಕನ್ನಡ ಎಂ.ಎ. ಮಾಡಿದವಳು ನಾನು. ‘ನಿಲ್ಲಿಸಲಾಗಿದೆ’ ಎಂಬುದು ಕರ್ಮಣಿ ಪ್ರಯೋಗ. ಅಲ್ಲಿ ಕರ್ತೃ ಕಾಣಿಸಿಕೊಳ್ಳಬೇಕಾಗಿಲ್ಲ. ನಮ್ಮ ಸಂಸ್ಥೆಗಳಿಗೆ ಈ ವ್ಯಾಕರಣ ಬಲು ಪ್ರಿಯ. ಕೊಲ್ಲುವುದಕ್ಕೂ ಕೈ ಬೇಕಾಗುವುದಿಲ್ಲ. ಧರ್ಮಗುರುಗಳನ್ನು ಕೇಳಿದರೆ ಪಾಲನಾ ಮಂಡಳಿಯ ತೀರ್ಮಾನವೆಂದರು. ಮಂಡಳಿಯವರು ಗುರುಗಳ ಇಚ್ಛೆಯೆಂದರು. ಕಾರ್ಯದರ್ಶಿ ಮಾತ್ರ ನೇರವಾಗಿ ಕೇಳಿದರು: “ಹೊರಗಿನವರಿಗೆ ಎಂತಕ್ಕೆ ಈ ಉಸಾಬರಿ?” ಕಿವಿಯೊಂದೇ ಅರ್ಹತೆಯಾಗಿದ್ದ ಮನೆಯಲ್ಲಿ ನಾನು ಆ ದಿನ ಹೊರಗಿನವಳಾದೆ.

ಮಾಸ್ಟ್ರು ಮಾತ್ರ ಶುಕ್ರವಾರ ತಪ್ಪಿಸಲಿಲ್ಲ. ಹನ್ನೆರಡೂವರೆಗೆ ಬಂದು, ಚಪ್ಪಲಿ ಜೋಡಿಸಿಟ್ಟು, ಮುಚ್ಚಿದ ಬಾಗಿಲಿನ ಮುಂದೆ ಮೆಟ್ಟಿಲಲ್ಲಿ ಕೂರುತ್ತಿದ್ದರು. ಒಂದು ಗಂಟೆಗೆ ಎದ್ದು ಹೋಗುತ್ತಿದ್ದರು. ಬಿಷಪರಿಗೆ ಬರೆಯೋಣ, ನಾನೇ ಬರೆದುಕೊಡುತ್ತೇನೆ ಎಂದು ಸಿಟ್ಟಿನಿಂದ ಹೇಳಿದೆ.

“ತಾತ್ಕಾಲಿಕ ಅಂತ ಬರೆದಿದ್ದಾರೆ ಮಾರಾಯ್ತಿ. ಬರೆದದ್ದನ್ನು ನಂಬದಿದ್ದರೆ ನೀನು ಅಷ್ಟು ಓದಿ ಎಂತ ಪ್ರಯೋಜನ?”

ಕ್ರಿಸ್ಮಸ್ಸಿಗೆ ಹದಿನೈದು ದಿನ ಇರುವಾಗ ಅವರು ತೀರಿಕೊಂಡರು. ಗೋದಲಿಯ ಸಾಮಾನು ತೆಗೆಯಲು ಆ ಕೋಣೆಯ ಬೀಗ ತೆರೆದಿದ್ದರು. ಆರ್ಗನ್ನಿನ ಮೇಲೆ ಒಣಹುಲ್ಲಿನ ಕಟ್ಟು ಇತ್ತು. ಅಂತ್ಯಕ್ರಿಯೆಯ ಪೂಜೆಯಲ್ಲಿ ಅವರದೇ ಮೆಚ್ಚಿನ ಕೀರ್ತನೆಯನ್ನು ಕೀಬೋರ್ಡಿನಲ್ಲಿ ನುಡಿಸಿದರು, ಒಂದು ಹಲ್ಲೂ ಬೀಳದಂತೆ. ಆದರೂ ಆ ಜಾಗ ಬಂದಾಗ ಹಿಂದಿನ ಬೆಂಚಿನಿಂದ ಮೀನಿನ ಅಕ್ಕ ಸ್ವರ ಎತ್ತಿದರು. ಕಂಡಕ್ಟರರು ಎತ್ತಿದರು. ನಾನೂ ಎತ್ತಿದೆ. ಮುಂದಿನ ಸಾಲಿನ ಮಂಡಳಿಯವರು ತಿರುಗಿ ನೋಡಿದರು. ನೋಡಲಿ ಎಂದೇ ಇನ್ನಷ್ಟು ಜೋರಾಗಿ ಹಾಡಿದೆವು.

ಆ ಚೀಟಿ ಇನ್ನೂ ಬಾಗಿಲಲ್ಲಿದೆ. ಬರೆದವರು ಯಾರೇ ಆಗಿರಿ, ಕೆಳಗೆ ನಿಮ್ಮ ಹೆಸರು ಬರೆಯಿರಿ. ಪೆನ್ನು ನಾನು ತರುತ್ತೇನೆ. ಶುಕ್ರವಾರ ಹನ್ನೆರಡೂವರೆಗೆ ಮೆಟ್ಟಿಲಲ್ಲಿ ಕೂತಿರುತ್ತೇನೆ, ಚಪ್ಪಲಿ ಜೋಡಿಸಿಟ್ಟು.